ಪುರದ ನಲ್ಲಿಗೆ ಬಂದ ನೀರು: ಸಾರ್ವಜನಿಕ ಮತ್ತು ಖಾಸಗಿ ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ಸಮಾಜಸಂಪರ್ಕ ಕುರಿತು ಒಂದು ಪ್ರಕರಣ ಅಧ್ಯಯನ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಉಂಗ್ರ ಎಂಬ ಊರಿದೆ. ಅದರ ಸಮೀಪದ ಪುಟ್ಟ ಹಳ್ಳಿ ಪುರ. 1977ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮನೆಮನೆಗೆ ಹೋಗಿ ಎಣಿಸಿದಾಗ ಪುರದಲ್ಲಿದ್ದುದು 56 ಮನೆ, 357 ಜನ. ಅದಾಗಿ ಹತ್ತು ವರ್ಷಕ್ಕೆ, 1987ರಲ್ಲಿ, ಅದೇ ಊರಿನ ದನಗಳ ಸಗಣಿಯಿಂದ ಹುಟ್ಟಿದ ಅನಿಲ ಒಂದು ಎಂಜಿನನ್ನು ಓಡಿಸಿತು. ಆ ಎಂಜಿನಿನಿಂದ ಬಂದ ವಿದ್ಯುತ್ತು ಕೊಳವೆಬಾವಿಯ ನೀರನ್ನು ಮೇಲೆತ್ತಿ ನಲ್ಲಿಗಳಿಗೆ ಹರಿಸಿತು, ರಾತ್ರಿ ಮನೆಗಳಲ್ಲಿ ಟ್ಯೂಬ್‌ಲೈಟುಗಳನ್ನು ಬೆಳಗಿಸಿತು. ಈ ಹತ್ತು ವರ್ಷಗಳಲ್ಲಿ ಒಂದು ಉನ್ನತ ವಿದ್ಯಾಸಂಸ್ಥೆಯ ಅಧ್ಯಾಪಕರು ಒಂದು ಹಳ್ಳಿಯೊಡನೆ ಹೇಗೆ ನಡೆದುಕೊಂಡರು, ಹಳ್ಳಿಯವರು ಅವರೊಡನೆ ಹೇಗೆ ನಡೆದುಕೊಂಡರು ಎಂಬುದೇ ಇಲ್ಲಿನ ಪ್ರಕರಣ.

ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೂ ಖಾಸಗಿ ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೂ ಸಮಾಜದೊಡನೆ ಒಡನಾಡುವ ರೀತಿಯಲ್ಲಿ ವ್ಯತ್ಯಾಸವಿದೆಯೇ ಎಂಬ ಪ್ರಶ್ನೆ ಬಂದಾಗಲೆಲ್ಲ ಚರ್ಚೆ ಬೇಗನೆ ಗುಣದೋಷಗಳ ಕಡೆಗೆ ಹೊರಳುತ್ತದೆ. ಜನರ ತೆರಿಗೆಯಿಂದ ಸಂಬಳ ಪಡೆಯುವವರಿಗೆ ಜನರ ಋಣವಿದೆ, ಶುಲ್ಕದ ಮೇಲೆ ನಿಂತವರಿಗೆ ಆ ಋಣವಿಲ್ಲ ಎಂದು ಕೆಲವರು ಹೇಳುತ್ತಾರೆ. ಸರ್ಕಾರಿ ಅಧ್ಯಾಪಕರಿಗೆ ಕೆಲಸ ಹೋಗುವ ಭಯವಿಲ್ಲವಾದ್ದರಿಂದ ಅವರು ಕೊಠಡಿ ಬಿಟ್ಟು ಏಳುವುದಿಲ್ಲ, ಖಾಸಗಿಯವರಾದರೆ ಕೆಲಸ ಮಾಡಿ ತೋರಿಸುತ್ತಾರೆ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳೂ ನನಗೆ ಸಮ್ಮತವಲ್ಲ. ಪುರದ ಪ್ರಕರಣವನ್ನು ಹತ್ತಿರದಿಂದ ನೋಡಿದಷ್ಟೂ ವ್ಯತ್ಯಾಸದ ಬೇರು ಲೆಕ್ಕ ಒಪ್ಪಿಸುವ ವಿಷಯದಲ್ಲಿದೆ ಎಂದು ತೋರುತ್ತದೆ. ಊರಿಗೆ ಹೋದ ಅಧ್ಯಾಪಕರು ಯಾರಿಗೆ ಲೆಕ್ಕ ಒಪ್ಪಿಸಬೇಕು, ಮತ್ತು ಫಲ ಕಾಣಿಸದೆಯೂ ಎಷ್ಟು ವರ್ಷ ಅಲ್ಲಿ ಇರಬಹುದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹಿಂದಿನ ಒಂದು ಮಾದರಿ

ಕನ್ನಡನಾಡಿನಲ್ಲಿ ವಿಶ್ವವಿದ್ಯಾನಿಲಯದವರು ಊರಿಗೆ ಹೋದದ್ದು ಪುರದಲ್ಲೇ ಮೊದಲಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಿಂದಲೇ ಪ್ರಚಾರೋಪನ್ಯಾಸಗಳನ್ನು ನಡೆಸುತ್ತಿತ್ತು. ಪ್ರಾಧ್ಯಾಪಕರು ಸಣ್ಣ ಪಟ್ಟಣಗಳಿಗೆ, ಹಳ್ಳಿಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯಗಳ ಬಗ್ಗೆ ಕನ್ನಡದಲ್ಲಿ ಮಾತನಾಡುತ್ತಿದ್ದರು. ಆ ಉಪನ್ಯಾಸಗಳು ಆಮೇಲೆ ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾಗುತ್ತಿದ್ದವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ವಿಶ್ವವಿದ್ಯಾನಿಲಯಕ್ಕೆ ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂಬ ಮೂರು ಅಂಗಗಳಿರಬೇಕೆಂದು ಕಂಡರು. ಪ್ರಸಾರಾಂಗವೆಂಬ ಹೆಸರು ನಾಡಿನ ಇತರ ವಿಶ್ವವಿದ್ಯಾನಿಲಯಗಳಿಗೂ ಹಬ್ಬಿ ಇಂದಿಗೂ ಉಳಿದಿದೆ. ಆ ಕಿರುಹೊತ್ತಗೆಗಳನ್ನು ಓದಿ ಬೆಳೆದ ಒಂದು ತಲೆಮಾರು ಇಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ಆ ಮಾದರಿಯಲ್ಲಿ ತಿಳಿವಳಿಕೆ ಹರಿಯುತ್ತಿದ್ದುದು ಒಂದೇ ದಿಕ್ಕಿಗೆ. ಪ್ರಾಧ್ಯಾಪಕರು ಹೇಳುತ್ತಿದ್ದರು, ಊರು ಕೇಳುತ್ತಿತ್ತು. ಪುರದಲ್ಲಿ ಊರೇ ಮಾತನಾಡಿ ಪ್ರಾಧ್ಯಾಪಕರು ಕೇಳಬೇಕಾಗಿ ಬಂದದ್ದರಿಂದ ಅದು ಬೇರೆಯೇ ಬಗೆಯ ಪ್ರಕರಣ.

ಸಂಸ್ಥೆ ಮತ್ತು ಅಸ್ತ್ರ

ಭಾರತೀಯ ವಿಜ್ಞಾನ ಸಂಸ್ಥೆಯ ಹುಟ್ಟಿನಲ್ಲೇ ಸಾರ್ವಜನಿಕ ಮತ್ತು ಖಾಸಗಿ ಎಂಬ ಗೆರೆ ಮಸುಕಾಗಿದೆ. ಜೆ.ಎನ್. ಟಾಟಾ ಅವರ ದತ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ ಸೇರಿ 1909ರಲ್ಲಿ ಅದು ಸ್ಥಾಪನೆಯಾಯಿತು. 1958ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ಸಿಕ್ಕಿತು. 1970ರ ದಶಕದ ಹೊತ್ತಿಗೆ ಅದು ಮುಖ್ಯವಾಗಿ ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಸಾರ್ವಜನಿಕ ಸಂಸ್ಥೆಯಾಗಿತ್ತು. ಒಬ್ಬ ಉದ್ಯಮಿಯ ದಾನದಿಂದ ಆರಂಭವಾದ ಸಂಸ್ಥೆಯೊಂದು ಎರಡು ತಲೆಮಾರುಗಳಲ್ಲಿ ಜನರ ಸಂಸ್ಥೆಯಾದ ಈ ಬಗೆಯನ್ನು, ಇಂದಿನ ಖಾಸಗಿ ವಿಶ್ವವಿದ್ಯಾನಿಲಯಗಳ ಬಗ್ಗೆ ಕೊನೆಯ ಮಾತು ಹೇಳಿಬಿಡುವ ಮೊದಲು ನೆನೆಯುವುದು ಒಳ್ಳೆಯದು.

ಅಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ್ ಎನ್. ರೆಡ್ಡಿ ವಿದ್ಯುದ್ರಸಾಯನಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಹೆಸರು ಮಾಡಿದ್ದವರು. ಜಾನ್ ಬಾಕ್ರಿಸ್ ಅವರೊಡನೆ ಬರೆದು 1970ರಲ್ಲಿ ಪ್ರಕಟಿಸಿದ ಅವರ ಪಠ್ಯಗ್ರಂಥ ಹಲವು ದೇಶಗಳ ವಿದ್ಯಾರ್ಥಿಗಳು ಓದುವ ಗ್ರಂಥವಾಯಿತು. ಅಂಥವರು ತಮ್ಮ ಶಾಸ್ತ್ರದಲ್ಲಿ ಉತ್ತುಂಗದಲ್ಲಿದ್ದಾಗ ಒಲೆ, ಸೌದೆ, ಸಗಣಿ, ಮಣ್ಣಿನ ಇಟ್ಟಿಗೆಗಳ ಕಡೆಗೆ ತಿರುಗಿದರು. 1974ರಲ್ಲಿ ಸಂಸ್ಥೆಯೊಳಗೆ ಒಂದು ಘಟಕ ಆರಂಭವಾಯಿತು. ಹಳ್ಳಿಗಾಡಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿದಾಗ ಅದರ ಹೆಸರು ‘ಅಸ್ತ್ರ’ ಎಂದಾಯಿತು. ಆಗ ನಿರ್ದೇಶಕರಾಗಿದ್ದ ಸತೀಶ್ ಧವನ್ ಅದಕ್ಕೆ ಬೆಂಬಲವಾಗಿ ನಿಂತರು. ಧವನ್ ಅವರು ಅದೇ ಕಾಲದಲ್ಲಿ ದೇಶದ ಬಾಹ್ಯಾಕಾಶ ಕಾರ್ಯಕ್ರಮದ ಮುಖ್ಯಸ್ಥರೂ ಆಗಿದ್ದರು ಎಂಬುದನ್ನು ಗಮನಿಸಬೇಕು, ಏಕೆಂದರೆ ಉಪಗ್ರಹ ಮತ್ತು ಒಲೆ ಎರಡನ್ನೂ ಒಂದೇ ಗಾಂಭೀರ್ಯದಿಂದ ಕಾಣಬಲ್ಲ ಆಡಳಿತಗಾರರು ಆಗಲೂ ವಿರಳ, ಈಗಲೂ ವಿರಳ. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸಂಸ್ಥೆಯ ಆವರಣದಲ್ಲೇ ಆರಂಭವಾಯಿತು. ಇದರಿಂದ ಪ್ರಾಧ್ಯಾಪಕರಿಗೂ ರಾಜ್ಯದ ಇಲಾಖೆಗಳಿಗೂ ನಡುವೆ ಒಂದು ನೇರ ಬಾಗಿಲು ತೆರೆಯಿತು.

ಬೆಂಗಳೂರಿನಲ್ಲಿ ಕುಳಿತು ಹಳ್ಳಿಯ ತಂತ್ರಜ್ಞಾನವನ್ನು ರೂಪಿಸಲಾಗದು ಎಂಬ ಅರಿವಿನಿಂದ ಅಸ್ತ್ರದವರು ಉಂಗ್ರದಲ್ಲಿ ವಿಸ್ತರಣಾ ಕೇಂದ್ರವೊಂದನ್ನು ತೆರೆದರು. ಈ ನಿರ್ಧಾರ ಚಿಕ್ಕದಾಗಿ ಕಾಣಬಹುದು. ಆದರೆ ಬೆಳಗ್ಗೆ ಜೀಪಿನಲ್ಲಿ ಬಂದು ಸಂಜೆ ಹಿಂತಿರುಗುವವರಿಗೆ ಕಾಣುವ ಹಳ್ಳಿಯೇ ಬೇರೆ, ನಸುಕಿನಲ್ಲಿ ಕೊಡ ಹಿಡಿದು ಹೊರಟ ಹೆಂಗಸರನ್ನು ದಿನವೂ ನೋಡುವವರಿಗೆ ಕಾಣುವ ಹಳ್ಳಿಯೇ ಬೇರೆ.

ಎಣಿಕೆಯಿಂದ ತಿಳಿದದ್ದು

ಕೇಂದ್ರದವರು ಮೊದಲು ಕೈಗೆತ್ತಿಕೊಂಡದ್ದು ಉಂಗ್ರ, ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಬಳಕೆಯ ಲೆಕ್ಕ. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಎಲ್ಲಿಂದ ತರುತ್ತಾರೆ, ತರುವವರು ಯಾರು, ಎಷ್ಟು ಹೊತ್ತು ಹಿಡಿಯುತ್ತದೆ, ಎತ್ತುಗಳು ವರ್ಷದಲ್ಲಿ ಎಷ್ಟು ದಿನ ದುಡಿಯುತ್ತವೆ, ಸೀಮೆಎಣ್ಣೆ ಎಷ್ಟು ಬೇಕು ಎಂಬುದನ್ನೆಲ್ಲ ಮನೆಮನೆಯಲ್ಲಿ ಕೇಳಿ, ತೂಗಿ, ಬರೆದುಕೊಂಡರು. ಹಳ್ಳಿಗಳ ಶಕ್ತಿಬಳಕೆಯನ್ನು ಇಷ್ಟು ಬಿಡಿಸಿ ನೋಡಿದ ಕೆಲಸ ಆಗ ದೇಶದಲ್ಲಿ ಅಪರೂಪವಾಗಿತ್ತು. ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸೌದೆಯಿಂದಲೇ ಬರುತ್ತಿತ್ತು, ಅದರಲ್ಲಿ ಬಹುಭಾಗ ಅಡುಗೆಗೆ ಮತ್ತು ಸ್ನಾನದ ನೀರು ಕಾಯಿಸುವುದಕ್ಕೆ ಹೋಗುತ್ತಿತ್ತು. ವಿದ್ಯುತ್ತಿನ ಪಾಲು ನೂರರಲ್ಲಿ ಒಂದರಷ್ಟೂ ಇರಲಿಲ್ಲ. ಮನುಷ್ಯರ ದುಡಿಮೆಯ ಪಾಲಿನಲ್ಲಿ ಸುಮಾರು ಅರ್ಧ ಹೆಂಗಸರದಾಗಿತ್ತು, ಉಳಿದರ್ಧದಲ್ಲಿ ಮಕ್ಕಳದೂ ಗಣನೀಯವಾಗಿತ್ತು. ದೇಶದ ಶಕ್ತಿನೀತಿ ಎಂದರೆ ಕಲ್ಲಿದ್ದಲು, ತೈಲ, ಅಣೆಕಟ್ಟು ಎಂದು ನಂಬಿದ್ದ ಕಾಲದಲ್ಲಿ ಈ ಲೆಕ್ಕವು ಆ ನೀತಿಯೊಳಗೆ ಹೆಂಗಸರ ತಲೆಯ ಮೇಲಿನ ಹೊರೆಯನ್ನು ಎಣಿಸಿಯೇ ಇಲ್ಲ ಎಂದು ತೋರಿಸಿತು.

ಈ ಹಂತದಲ್ಲೇ ಸಾರ್ವಜನಿಕ ಸಂಸ್ಥೆಯ ಒಂದು ಲಕ್ಷಣ ಕಾಣಿಸುತ್ತದೆ. ಸೌದೆ ತೂಗುವುದರಿಂದ ಯಾವ ಶುಲ್ಕವೂ ಬರುವುದಿಲ್ಲ. ಪೇಟೆಂಟ್ ಸಿಗುವುದಿಲ್ಲ. ಮರುವರ್ಷದ ಪ್ರವೇಶಕ್ಕೆ ವಿದ್ಯಾರ್ಥಿಗಳೂ ಹೆಚ್ಚುವುದಿಲ್ಲ. ಸಂಬಳದ ಭದ್ರತೆಯಿದ್ದು, ತಮ್ಮ ಸಂಶೋಧನಾ ವಿಷಯವನ್ನು ತಾವೇ ಆರಿಸಿಕೊಳ್ಳುವ ಹಕ್ಕೂ ಇದ್ದ ಕೆಲವು ಅಧ್ಯಾಪಕರು ಅದು ಮುಖ್ಯವೆಂದು ತೀರ್ಮಾನಿಸಿದ್ದರಿಂದ ಆ ಕೆಲಸ ನಡೆಯಿತು.

ಗೋಬರ್ ಗ್ಯಾಸ್ ಸೋತದ್ದು, ನೀರು ಗೆದ್ದದ್ದು

ಲೆಕ್ಕದಿಂದ ಸಹಜವಾಗಿ ಹೊರಟ ತೀರ್ಮಾನ ಸರಳವಾಗಿತ್ತು: ಅಡುಗೆಗೆ ಸೌದೆಯ ಬದಲು ಗೋಬರ್ ಗ್ಯಾಸ್. ಆ ಕಾಲದಲ್ಲಿ ಸರ್ಕಾರ ಪ್ರೋತ್ಸಾಹಿಸುತ್ತಿದ್ದ ಮನೆಮಟ್ಟದ ಸ್ಥಾವರಗಳಿಗೆ ನಾಲ್ಕೈದಾದರೂ ದನಗಳಿರಬೇಕಿತ್ತು, ಆದ್ದರಿಂದ ಅವು ಉಳ್ಳವರ ಹಿತ್ತಲಿಗೆ ಮಾತ್ರ ತಲುಪುತ್ತಿದ್ದವು. ದನವಿಲ್ಲದ ಮನೆಗೂ ಪಾಲು ಸಿಗಬೇಕಾದರೆ ಊರಿಗೆಲ್ಲ ಒಂದೇ ಸಮುದಾಯ ಸ್ಥಾವರವಿರಬೇಕು ಎಂಬುದು ರೆಡ್ಡಿಯವರ ತಂಡದ ನಿಲುವು. ನ್ಯಾಯದ ದೃಷ್ಟಿಯಿಂದ ಈ ನಿಲುವು ಸರಿಯಾಗಿಯೇ ಇತ್ತು. ಪುರದಲ್ಲಿ ಅಂಥ ಸ್ಥಾವರ ಕಟ್ಟಲಾಯಿತು. ಆದರೆ ಯೋಜನೆ ನಡೆಯಲಿಲ್ಲ. ಊರಿನ ಎಲ್ಲ ಒಲೆಗಳಿಗೆ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಡುಗೆಯ ಅನಿಲ ಊರಿನವರ ತುರ್ತು ಬೇಡಿಕೆಯೇ ಆಗಿರಲಿಲ್ಲ. ಸೌದೆಗೆ ಅವರು ದುಡ್ಡು ಕೊಡುತ್ತಿರಲಿಲ್ಲ, ಮೈಯ ಶ್ರಮ ಕೊಡುತ್ತಿದ್ದರು. ಆ ಶ್ರಮ ಹೆಚ್ಚಾಗಿ ಹೆಂಗಸರದಾದ್ದರಿಂದ ಊರಿನ ಸಭೆಯಲ್ಲಿ ಅದಕ್ಕೆ ಬೆಲೆ ಕಟ್ಟುವವರಿರಲಿಲ್ಲ.

ಊರಿನವರು ಕೇಳಿದ್ದು ಕುಡಿಯುವ ನೀರು. ಈ ಬೇಡಿಕೆಯನ್ನು ಕೇಳಿಸಿಕೊಂಡು, ವರ್ಷಗಟ್ಟಲೆ ಕಟ್ಟಿದ ಯೋಜನೆಯನ್ನು ಬದಿಗಿಟ್ಟು, ಅದೇ ಸಗಣಿಯಿಂದ ಅಡುಗೆಯ ಬದಲು ವಿದ್ಯುತ್ತು ಉತ್ಪಾದಿಸಿ ನೀರೆತ್ತುವ ಯೋಚನೆಗೆ ತಂಡ ಹೊರಳಿದ್ದೇ ಇಡೀ ಪ್ರಕರಣದ ತಿರುವು. ವಿಜ್ಞಾನಿಯೊಬ್ಬರು ತಮ್ಮ ಅಂದಾಜು ತಪ್ಪಿತೆಂದು ಹಳ್ಳಿಯ ಜನರ ಮುಂದೆ ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ. ಅದನ್ನು ಒಪ್ಪಿಕೊಂಡ ಮೇಲೂ ಊರು ಬಿಡದೆ ಮತ್ತೆ ಆರಂಭಿಸುವುದು ಇನ್ನೂ ಕಷ್ಟ.

1987ರ ವ್ಯವಸ್ಥೆಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಜಾಣ್ಮೆಯಲ್ಲಿ ಅರ್ಧ ಊರಿನವರದು. ಬೆಳಗ್ಗೆ ಮನೆಗಳಿಂದ ಸಗಣಿ ಸ್ಥಾವರಕ್ಕೆ ಬರುತ್ತಿತ್ತು. ಅಲ್ಲಿ ತೂಗಿ, ತಂದವರಿಗೆ ಕಿಲೋಗೆ 2 ಪೈಸೆಯಂತೆ ಲೆಕ್ಕ ಬರೆಯುತ್ತಿದ್ದರು. ಸಗಣಿ ಕೊಟ್ಟರೆ ಹೊಲಕ್ಕೆ ಗೊಬ್ಬರ ಎಲ್ಲಿಂದ ಬರಬೇಕು ಎಂಬ ರೈತರ ಸಹಜ ಆತಂಕಕ್ಕೆ ಉತ್ತರವಾಗಿ, ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಮರಳಿನ ಪಾತಿಗಳಲ್ಲಿ ಸೋಸಿ, ಯಾರು ಎಷ್ಟು ತಂದರೋ ಅದಕ್ಕೆ ತಕ್ಕಂತೆ ಹಿಂದಿರುಗಿಸುತ್ತಿದ್ದರು. ಅನಿಲವನ್ನು ಡೀಸೆಲ್ ಜೊತೆ ಸೇರಿಸಿ ಸುಮಾರು 5 ಕಿಲೋವಾಟಿನ ಪುಟ್ಟ ಎಂಜಿನ್ ಓಡಿಸಲಾಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಊರಿನ ಹುಡುಗರೇ. ಊರಿಗೆ ಆಗಲೇ ಸರ್ಕಾರದ ವಿದ್ಯುತ್ ತಂತಿ ಬಂದಿತ್ತಾದರೂ ಎಲ್ಲ ಮನೆಗಳಿಗೂ ಸಂಪರ್ಕವಿರಲಿಲ್ಲ, ಇದ್ದವರಿಗೂ ದೀಪ ಮಂಕಾಗಿಯೇ ಉರಿಯುತ್ತಿತ್ತು. ಅಂಥಲ್ಲಿ ತಮ್ಮೂರಿನ ಸಗಣಿಯ ದೀಪ ಹೆಚ್ಚು ನಂಬಿಕೆಗೆ ಅರ್ಹವಾಯಿತು. ದೀಪಕ್ಕೆ, ನಲ್ಲಿಗೆ ತಿಂಗಳಿಗಿಷ್ಟು ಎಂದು ಮನೆಗಳು ಹಣ ಕಟ್ಟುತ್ತಿದ್ದವು. ಅದನ್ನು ಸಂಗ್ರಹಿಸುವ, ಕಟ್ಟದವರನ್ನು ಒತ್ತಾಯಿಸುವ ಹೊಣೆ ಊರಿನ ಸಮಿತಿಯದಾಗಿತ್ತು.

ಇದೇ ತಂಡದಿಂದ ಬಂದ ಮೂರು ಪಾತ್ರೆಯ ‘ಅಸ್ತ್ರ ಒಲೆ’ಯ ಕಥೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಸಾಮಾನ್ಯ ಒಲೆಗಿಂತ ಕಡಿಮೆ ಸೌದೆಯಲ್ಲಿ ಬೇಯಿಸುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಈ ಒಲೆ ರಾಜ್ಯ ಸರ್ಕಾರದ ಮೂಲಕ ಅನೇಕ ಜಿಲ್ಲೆಗಳ ಮನೆಗಳಿಗೆ ಹೋಯಿತು. ಕೆ.ಎಸ್. ಜಗದೀಶ್ ಮತ್ತವರ ಸಹೋದ್ಯೋಗಿಗಳು ಅಭಿವೃದ್ಧಿಪಡಿಸಿದ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯೂ ಹಾಗೆಯೇ ಹರಡಿತು. ಇವು ಅಸ್ತ್ರದ ದೊಡ್ಡ ಯಶಸ್ಸುಗಳು. ಆದರೆ ನಮ್ಮ ಪ್ರಶ್ನೆಗೆ ಬೆಳಕು ಚೆಲ್ಲುವುದು ಪುರದ ಅರೆಯಶಸ್ಸು.

ಅರೆಯಶಸ್ಸು ಎನ್ನಲು ಕಾರಣವಿದೆ. ಸುಮಾರು ಒಂದು ದಶಕ ನಡೆದ ಮೇಲೆ ಪುರದ ವ್ಯವಸ್ಥೆ ನಿಂತುಹೋಯಿತು. ರೆಡ್ಡಿಯವರು 1991ರ ಹೊತ್ತಿಗಾಗಲೇ ಸಂಸ್ಥೆಯಿಂದ ಹೊರಬಂದು ಇಂಟರ್‌ನ್ಯಾಷನಲ್ ಎನರ್ಜಿ ಇನಿಶಿಯೇಟಿವ್ ಎಂಬ ಸಂಘಟನೆಯನ್ನು ಕಟ್ಟಿದ್ದರು. 2006ರಲ್ಲಿ ತೀರಿಕೊಳ್ಳುವ ಎರಡು ವರ್ಷ ಮೊದಲು, ಪುರದಿಂದ ಕಲಿತ ಪಾಠಗಳನ್ನು ಅವರೇ ಲೇಖನವಾಗಿ ಬರೆದರು. ತಾವು ಕಟ್ಟಿದ್ದು ನಿಂತುಹೋದ ಮೇಲೂ ಅದರ ಲೆಕ್ಕವನ್ನು ಜನರ ಮುಂದಿಟ್ಟ ಈ ನಡತೆಗೆ ನಾನು ತುಂಬ ಬೆಲೆ ಕೊಡುತ್ತೇನೆ.

ಯಾವುದು ಇದನ್ನು ಸಾಧ್ಯಮಾಡಿತು

ಪ್ರಕರಣದಿಂದ ಸಾರ್ವಜನಿಕ ವಿಶ್ವವಿದ್ಯಾನಿಲಯದ ಬಲ ಏನೆಂದು ಕೇಳಿಕೊಂಡರೆ, ನನ್ನ ಉತ್ತರ: ಸೋಲುವುದಕ್ಕೆ ಸಿಗುವ ಕಾಲಾವಕಾಶ. 1977ರ ಎಣಿಕೆಯಿಂದ 1987ರ ನೀರಿನವರೆಗಿನ ಹತ್ತು ವರ್ಷಗಳಲ್ಲಿ ಹೆಚ್ಚುಪಾಲು ವರ್ಷಗಳು ತೋರಿಕೆಯ ಫಲವಿಲ್ಲದವು. ಅಧ್ಯಾಪಕರ ಹುದ್ದೆ ಭದ್ರವಾಗಿತ್ತು. ಸಂಸ್ಥೆಯ ಆದಾಯ ಪುರದ ಫಲಿತಾಂಶವನ್ನು ಅವಲಂಬಿಸಿರಲಿಲ್ಲ. ಸಂಸ್ಥೆಯ ಹೆಸರು ಬೇರೆ ಹತ್ತು ವಿಭಾಗಗಳ ಕೆಲಸದಿಂದ ಬರುತ್ತಿತ್ತು. ಆದ್ದರಿಂದ ಊರಿನವರು ಬೇಡವೆಂದಾಗ ಬೇಡವೆಂದು ಕೇಳಿಸಿಕೊಳ್ಳುವುದು ತಂಡಕ್ಕೆ ಸಾಧ್ಯವಾಯಿತು. ಯಶಸ್ಸನ್ನು ಪ್ರತಿವರ್ಷ ತೋರಿಸಲೇಬೇಕಾದ ಒತ್ತಡದಲ್ಲಿರುವವರು ಇಂಥ ಮಾತನ್ನು ಕೇಳಿಸಿಕೊಳ್ಳಲಾರರು. ಎಲ್ಲ ಅಡುಗೆಮನೆಗಳಿಗೆ ಕೊಳವೆ ಹಾಕಿದ ಚಿತ್ರ ತೆಗೆದು ವರದಿಗೆ ಸೇರಿಸಿ ಮುಂದಿನ ಊರಿಗೆ ಹೊರಡುತ್ತಾರೆ.

ಅದರ ದೌರ್ಬಲ್ಯವೂ ಇದೇ ಪ್ರಕರಣದಲ್ಲಿದೆ. ಈ ಕೆಲಸ ನಡೆದದ್ದು ಸಂಸ್ಥೆಯ ನಿಯಮ ಹಾಗೆ ಹೇಳಿದ್ದರಿಂದಲ್ಲ, ಅದು ಬೇಡವೆನ್ನದಿದ್ದುದರಿಂದ. ಒಬ್ಬ ರೆಡ್ಡಿ, ಅವರೊಡನೆ ನಿಂತ ಕೆಲವು ಸಹೋದ್ಯೋಗಿಗಳು, ಒಬ್ಬ ಧವನ್ ಒಂದೇ ಕಾಲದಲ್ಲಿ ಒಂದೇ ಆವರಣದಲ್ಲಿದ್ದದ್ದು ಅದೃಷ್ಟದ ಕೂಟ. ಅಧ್ಯಾಪಕರ ಸ್ವಾತಂತ್ರ್ಯ ಎಂದರೆ ಹಳ್ಳಿಗೆ ಹೋಗುವ ಸ್ವಾತಂತ್ರ್ಯದ ಜೊತೆಗೆ ಹೋಗದಿರುವ ಸ್ವಾತಂತ್ರ್ಯವೂ ಆಗಿರುವುದರಿಂದ, ದೇಶದ ನೂರಾರು ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಪುರದಂಥ ಪ್ರಕರಣಗಳನ್ನು ಬೆರಳೆಣಿಕೆಯಲ್ಲಿ ಹುಡುಕಬೇಕಾಗುತ್ತದೆ. ಅಸ್ತ್ರ ಘಟಕವೇ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಉಳಿದು ಬೆಳೆದಿದೆ, ಒಳ್ಳೆಯ ಸಂಶೋಧನೆ ನಡೆಸುತ್ತಿದೆ. ಆದರೆ ಪುರದ ಎಂಜಿನನ್ನು ಮುಂದೆ ಯಾರು ನೋಡಿಕೊಳ್ಳಬೇಕೆಂದು ಯಾವ ಕಡತದಲ್ಲೂ ಬರೆದಿರಲಿಲ್ಲ.

ಖಾಸಗಿ ವಿಶ್ವವಿದ್ಯಾನಿಲಯದ ಕಡೆಯಿಂದ ನೋಡಿದರೆ

ಹೋಲಿಕೆಗೆ ಒಂದು ಖಾಸಗಿ ವಿಶ್ವವಿದ್ಯಾನಿಲಯವನ್ನು ತೆಗೆದುಕೊಳ್ಳುವಾಗ ದುರ್ಬಲವಾದುದನ್ನು ಆರಿಸುವುದು ನ್ಯಾಯವಲ್ಲ. ಆದ್ದರಿಂದ, ಸಮಾಜಮುಖಿ ಕೆಲಸವನ್ನೇ ತನ್ನ ಉದ್ದೇಶವೆಂದು ಸಾರಿ 2010ರಲ್ಲಿ ರಾಜ್ಯದ ಕಾಯ್ದೆಯೊಂದರ ಮೂಲಕ ಬೆಂಗಳೂರಿನಲ್ಲಿ ಆರಂಭವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವನ್ನೇ ನೋಡೋಣ. ಅಲ್ಲಿಯ ಅಧ್ಯಾಪಕರು 2018ರಿಂದ ದೇಶದ ದುಡಿಯುವ ಜನರ ಸ್ಥಿತಿಗತಿ ಕುರಿತ ವರದಿಗಳನ್ನು ಪ್ರಕಟಿಸುತ್ತಿದ್ದಾರೆ. 2021ರ ವರದಿ, ಕೋವಿಡ್‌ನ ಮೊದಲ ವರ್ಷದಲ್ಲಿ ಇನ್ನೂ ಸುಮಾರು 23 ಕೋಟಿ ಜನರು ರಾಷ್ಟ್ರೀಯ ಕನಿಷ್ಠ ವೇತನದ ಬಡತನ ರೇಖೆಯ ಕೆಳಗೆ ಜಾರಿದರೆಂದು ಅಂದಾಜಿಸಿ ಸಾರ್ವಜನಿಕ ಚರ್ಚೆಯನ್ನು ಎಬ್ಬಿಸಿತು. ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ 2,000 ಮನೆಗಳಲ್ಲಿ ಇತರ ಸಂಘಟನೆಗಳ ಜೊತೆಗೂಡಿ ನಡೆಸಿದ ಉದ್ಯೋಗ ಖಾತರಿ ಯೋಜನೆಯ ಸಮೀಕ್ಷೆಯನ್ನು 2022ರಲ್ಲಿ ಪ್ರಕಟಿಸಲಾಯಿತು. ವಿಶ್ವವಿದ್ಯಾನಿಲಯವನ್ನು ಪೋಷಿಸುವ ಪ್ರತಿಷ್ಠಾನ ಯಾದಗಿರಿಯಂಥ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೊಡನೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಶಿಕ್ಷಕರಿಗೆ ಬೇಕಾದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸವೂ ನಡೆದಿದೆ.

ಇಲ್ಲಿ ಪುರಕ್ಕೆ ವಿರುದ್ಧವಾದ ವಿನ್ಯಾಸವಿದೆ. ಸಮಾಜಸಂಪರ್ಕ ಅಧ್ಯಾಪಕರ ವೈಯಕ್ತಿಕ ಹಂಬಲಕ್ಕೆ ಬಿಟ್ಟದ್ದಲ್ಲ, ನೇಮಕಾತಿಯಿಂದ ಪಠ್ಯಕ್ರಮದವರೆಗೆ ಅದು ಸಂಸ್ಥೆಯ ಕೆಲಸವೇ ಆಗಿದೆ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ವರದಿ ನಿಲ್ಲುವುದಿಲ್ಲ. ಹಣ, ಸಿಬ್ಬಂದಿ, ದಾಖಲೆಗಳ ಶಿಸ್ತು, ಜಿಲ್ಲೆಗಳಲ್ಲಿ ಕಚೇರಿ ಎಲ್ಲವೂ ಇವೆ. ಯಾವುದೇ ರಾಜ್ಯ ವಿಶ್ವವಿದ್ಯಾನಿಲಯದ ಅಧ್ಯಾಪಕರು ಇವನ್ನು ಕಂಡು ಆಸೆಪಟ್ಟರೆ ತಪ್ಪಿಲ್ಲ. ಆದರೆ ಯಾವ ಕ್ಷೇತ್ರದಲ್ಲಿ ಕೆಲಸ ಮಾಡಬೇಕೆಂಬ ಮೂಲ ತೀರ್ಮಾನ ಸ್ಥಾಪಕರ ಆಶಯದಿಂದ ಹೊರಡುತ್ತದೆ. ಆ ಆಶಯ ಉದಾರವಾಗಿದ್ದಾಗ ಕೆಲಸವೂ ಉದಾರವಾಗಿರುತ್ತದೆ. ಹಳ್ಳಿಯವರೊಬ್ಬರು ಈ ವಿಶ್ವವಿದ್ಯಾನಿಲಯದ ಮುಂದೆ ನಿಂತು, ಇದು ನಮ್ಮ ದುಡ್ಡಿನ ಸಂಸ್ಥೆ, ನಮಗೆ ನೀರು ಬೇಕು ಎಂದು ಹಕ್ಕಿನಿಂದ ಕೇಳಲಾರರು. ವಿನಂತಿಸಬಹುದು, ಅಷ್ಟೇ. ದತ್ತಿಯಿಂದ ಬರುವ ಒಳಿತಿಗೂ ಹಕ್ಕಿನಿಂದ ಬರುವ ಒಳಿತಿಗೂ ಇರುವ ಈ ಅಂತರವನ್ನು ವರದಿಗಳ ಗುಣಮಟ್ಟದಿಂದ ತುಂಬಲಾಗದು.

ದೊಡ್ಡ ದತ್ತಿಯ ಬೆಂಬಲವಿಲ್ಲದೆ ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯುವ ಖಾಸಗಿ ವಿಶ್ವವಿದ್ಯಾನಿಲಯಗಳ ಸ್ಥಿತಿ ಬೇರೆ. ಅಲ್ಲಿ ಅಧ್ಯಾಪಕರ ಹುದ್ದೆ ಒಪ್ಪಂದದ ಮೇಲೆ ನಿಂತಿರುವುದು ಸಾಮಾನ್ಯ, ವಾರದ ಪಾಠದ ಗಂಟೆಗಳು ಹೆಚ್ಚು, ಪ್ರವೇಶದ ಕಾಲದಲ್ಲಿ ಪ್ರಚಾರದ ಕೆಲಸವೂ ಅಧ್ಯಾಪಕರ ಹೆಗಲಿಗೆ ಬೀಳುತ್ತದೆ. ಸಮಾಜಸಂಪರ್ಕವೆಂದರೆ ಒಂದು ದಿನದ ಶಿಬಿರ, ಸಸಿ ನೆಡುವ ಕಾರ್ಯಕ್ರಮ, ಅದರ ಛಾಯಾಚಿತ್ರ ಎಂದಾಗಿಬಿಡುತ್ತದೆ. ಆ ಅಧ್ಯಾಪಕರನ್ನು ದೂಷಿಸುವುದಕ್ಕೆ ನನಗೆ ಮನಸ್ಸಿಲ್ಲ. ಒಂದು ಊರಿನಲ್ಲಿ ಐದು ವರ್ಷ ಫಲವಿಲ್ಲದೆ ಕಳೆಯಲು ಅವರಿಗೆ ಮುಂದಿನ ವರ್ಷದ ಒಪ್ಪಂದವೇ ಖಚಿತವಿಲ್ಲ.

ಆದರೆ ಇದನ್ನು ಖಾಸಗಿಯವರ ದೋಷವೆಂದು ಮಾತ್ರ ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ನಮ್ಮ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳು ಮತ್ತು ಸರ್ಕಾರಿ ಕಾಲೇಜುಗಳು ಇಂದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಖಾಲಿ ಹುದ್ದೆಗಳು ವರ್ಷಗಟ್ಟಲೆ ತುಂಬುವುದಿಲ್ಲ. ವರ್ಷದ ಆರಂಭದಲ್ಲಿ ಕರೆದು ಕೊನೆಯಲ್ಲಿ ಬಿಡುಗಡೆ ಮಾಡುವ ವ್ಯವಸ್ಥೆಯಲ್ಲಿರುವ ಉಪನ್ಯಾಸಕರಿಗೆ ಪುರದ ಕಾಲಮಾನ ಎಲ್ಲಿಂದ ಬರಬೇಕು? ಹೆಸರು ಸಾರ್ವಜನಿಕವಾಗಿದ್ದು ಉದ್ಯೋಗದ ಷರತ್ತು ಖಾಸಗಿಯಂತಾದಾಗ, ಸಾರ್ವಜನಿಕ ಸಂಸ್ಥೆಯ ಒಂದೇ ಒಂದು ದೊಡ್ಡ ಬಲವೂ ಕೈಬಿಡುತ್ತದೆ.

ನಿಯಮವೇ ಕೆಲಸ ಮಾಡಿಸಿದಲ್ಲಿ

ಈ ವ್ಯತ್ಯಾಸ ಎಲ್ಲ ಶಾಸ್ತ್ರಗಳಲ್ಲೂ ಒಂದೇ ಪ್ರಮಾಣದಲ್ಲಿಲ್ಲ ಎಂಬುದನ್ನೂ ಹೇಳಬೇಕು. ವೈದ್ಯಕೀಯ ಶಿಕ್ಷಣದಲ್ಲಿ ಪ್ರತಿ ಕಾಲೇಜಿಗೂ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರವಿರಬೇಕೆಂದು ನಿಯಮವಿದೆ. ಆದ್ದರಿಂದ ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರು ಸರ್ಕಾರಿಯಾಗಲಿ ಖಾಸಗಿಯಾಗಲಿ ಹಳ್ಳಿಗೆ ಹೋಗಲೇಬೇಕು. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಆರಂಭಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಹೆರಿಗೆ ಮತ್ತು ಶಿಶುಕಲ್ಯಾಣ ಕೇಂದ್ರಗಳು ಖಾಸಗಿ ಸಂಸ್ಥೆಯೊಂದರ ದೀರ್ಘಕಾಲದ ಕೆಲಸಕ್ಕೆ ಒಳ್ಳೆಯ ನಿದರ್ಶನ.

ಕೃಷಿಯಲ್ಲಿ ಇದು ಇನ್ನೂ ಸ್ಪಷ್ಟ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬೋಧನೆ, ಸಂಶೋಧನೆಗಳ ಜೊತೆ ವಿಸ್ತರಣೆಯೂ ಸಮಾನ ಹೊಣೆಯಾಗಿ ಬಂದಿತು. ಅದಕ್ಕೆಂದೇ ನಿರ್ದೇಶನಾಲಯವಿದೆ, ಹುದ್ದೆಗಳಿವೆ, ಸಂಬಳವಿದೆ. ಅಸ್ತ್ರ ಆರಂಭವಾದ 1974ರಲ್ಲೇ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಪುದುಚೇರಿಯಲ್ಲಿ ತೆರೆಯಿತು. ಆ ಪುಟ್ಟ ಆರಂಭದಿಂದ ಇಂದು ದೇಶದ ಬಹುತೇಕ ಎಲ್ಲ ಜಿಲ್ಲೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳು ಹರಡಿವೆ. ಅಸ್ತ್ರಕ್ಕೆ ಅಂಥ ಸಂತತಿ ಸಿಗಲಿಲ್ಲ. ಎರಡೂ ಸಾರ್ವಜನಿಕ ಹಣದಿಂದಲೇ ಹುಟ್ಟಿದವು. ಒಂದರಲ್ಲಿ ರೈತರ ಬಳಿಗೆ ಹೋಗುವುದು ಹುದ್ದೆಯಾಗಿತ್ತು, ಇನ್ನೊಂದರಲ್ಲಿ ಹಳ್ಳಿಗೆ ಹೋಗುವುದು ಹಂಬಲವಾಗಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಪ್ರತಿವರ್ಷ ಬಸ್ಸು ಹತ್ತಿ ಬರುವ ರೈತರು ತಮಗೆ ಅಲ್ಲಿ ಪ್ರಶ್ನೆ ಕೇಳುವ ಅಧಿಕಾರವಿದೆ ಎಂದೇ ಬರುತ್ತಾರೆ. ರಾಗಿ ತಳಿಯ ಮುಂದೆ ನಿಂತು ವಿಜ್ಞಾನಿಯನ್ನು ತರಾಟೆಗೆ ತೆಗೆದುಕೊಳ್ಳುವ ರೈತರು ಅಲ್ಲಿ ಅಪರೂಪವಲ್ಲ. ಇತಿಹಾಸ ವಿಭಾಗಕ್ಕೋ ಭೌತಶಾಸ್ತ್ರ ವಿಭಾಗಕ್ಕೋ ಹಾಗೆ ಬಂದು ಕೇಳುವವರನ್ನು ನಾವು ಬೆಳೆಸಲೇ ಇಲ್ಲ.

ಅಂಕಗಳ ಕಾಲದಲ್ಲಿ

2010ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದಾಗ, ವಿಸ್ತರಣೆಯ ಕೆಲಸ ಎನ್‌ಎಸ್‌ಎಸ್, ಸಮಿತಿಗಳ ಸದಸ್ಯತ್ವ ಮುಂತಾದವುಗಳ ಜೊತೆ ಒಂದೇ ಗುಂಪಿನಲ್ಲಿ ಸೇರಿತು. ಸಂಶೋಧನಾ ಪ್ರಬಂಧಗಳಿಗೆ ಬೇರೆಯೇ ವಿಭಾಗವಿತ್ತು, ತೂಕವೂ ಅಲ್ಲೇ ಇತ್ತು. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಎನ್‌ಐಆರ್‌ಎಫ್‌ನಲ್ಲಿ ಹೊರಸಂಪರ್ಕ ಮತ್ತು ಒಳಗೊಳ್ಳುವಿಕೆ ಎಂಬ ಹೆಸರಿನ ಮಾನದಂಡವೊಂದಿದೆ. ಅದು ಅಳೆಯುವುದು ಹೊರರಾಜ್ಯದವರು, ಮಹಿಳೆಯರು, ಆರ್ಥಿಕವಾಗಿ ಹಿಂದುಳಿದವರು, ವಿಕಲಚೇತನರು ಸಂಸ್ಥೆಯೊಳಗೆ ಎಷ್ಟು ಬಂದಿದ್ದಾರೆ, ಅವರಿಗೆ ಏನು ಅನುಕೂಲವಿದೆ ಎಂಬುದನ್ನು. ಅದನ್ನು ಅಳೆಯಲೇಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಅಧ್ಯಾಪಕರು ಹೊರಗೆ ಎಷ್ಟು ದೂರ ಹೋದರು ಎಂಬುದು ಆ ಮಾನದಂಡದಲ್ಲಿ ಇಲ್ಲ. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನ ಪ್ರತಿ ಸಂಸ್ಥೆಯೂ ಐದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ಸಾರ್ವಜನಿಕ, ಖಾಸಗಿ ಎರಡೂ ಬಗೆಯ ಸಂಸ್ಥೆಗಳು ಅದರಲ್ಲಿ ಸೇರಿವೆ. ‘ದತ್ತು’ ಎಂಬ ಮಾತೇ ನನ್ನನ್ನು ಕಾಡುತ್ತದೆ. ಪುರವನ್ನು ಯಾರೂ ದತ್ತು ತೆಗೆದುಕೊಂಡಿರಲಿಲ್ಲ. ಊರು ಅಡುಗೆಯ ಅನಿಲವನ್ನು ಬೇಡವೆಂದು, ನೀರು ಬೇಕೆಂದು, ಬಗ್ಗಡ ಹಿಂದಿರುಗಿಸಿ ಎಂದು, ಸಗಣಿಗೆ ಬೆಲೆ ಕೊಡಿ ಎಂದು ಚೌಕಾಸಿ ಮಾಡಿತ್ತು, ಮತ್ತು ಚೌಕಾಸಿಯಲ್ಲಿ ಬಹಳಷ್ಟನ್ನು ಗೆದ್ದಿತ್ತು.

ಇಂದು ಪುರದಂಥ ಕೆಲಸಕ್ಕೆ ಇಳಿಯಬಯಸುವ ಅಧ್ಯಾಪಕರು ಯಾವ ವಿಶ್ವವಿದ್ಯಾನಿಲಯದಲ್ಲಿದ್ದರೂ ಮೂರು ವರ್ಷದ ಯೋಜನಾ ಪ್ರಸ್ತಾವನೆಯೊಂದನ್ನು ತುಂಬಬೇಕಾಗುತ್ತದೆ. ಅದರಲ್ಲಿ ನಿರೀಕ್ಷಿತ ಫಲಿತಾಂಶಗಳನ್ನು ಮೊದಲೇ ಬರೆಯಬೇಕು. 1977ರಲ್ಲಿ ಪುರದ ಮನೆಗಳನ್ನು ಎಣಿಸುತ್ತಿದ್ದವರು ಆ ಜಾಗದಲ್ಲಿ ‘ಅಡುಗೆಗೆ ಅನಿಲ’ ಎಂದು ಬರೆಯುತ್ತಿದ್ದರು. ಮೂರನೆಯ ವರ್ಷದ ಕೊನೆಗೆ ಯೋಜನೆ ವಿಫಲವೆಂದು ಮುಚ್ಚುತ್ತಿತ್ತು, ನೀರಿನ ಮಾತು ಬರುವಷ್ಟರಲ್ಲಿ ಊರಿನಲ್ಲಿ ಕೇಳಿಸಿಕೊಳ್ಳುವವರೇ ಇರುತ್ತಿರಲಿಲ್ಲ.